ಅಜ್ಜನ ಕೋಲು, ನಮ್ಮ ಕಟ್ಟ

ಮಕ್ಕಳೇ, ಈ ವಾರ ನಿಮಗೆ ಬರೆಯುತ್ತಿರುವ ಕೈಯಿಂದ ಕೆಂಪು ಮಣ್ಣಿನ ಬಣ್ಣ ಇನ್ನೂ ಹೋಗಿಲ್ಲ. ನಮ್ಮ ತೋಡಿಗೆ ಕಟ್ಟ ಹಾಕಿ ಇವತ್ತಿಗೆ ನಾಲ್ಕು ದಿನ. ಸೊಂಟ ಬಗ್ಗಿಸಿದರೆ ನೋವು, ಬಗ್ಗಿಸದಿದ್ದರೂ ನೋವು.

ತೋಡು ಅಂದರೆ ನಮ್ಮ ದಕ್ಷಿಣ ಕನ್ನಡದಲ್ಲಿ ಹಳ್ಳ. ಅದಕ್ಕೆ ಅಡ್ಡವಾಗಿ ಕಲ್ಲು ಮಣ್ಣು ಹಾಕಿ ನೀರು ನಿಲ್ಲಿಸುವುದು ಕಟ್ಟ. ಸಿಮೆಂಟ್ ಇಲ್ಲ, ಕಬ್ಬಿಣ ಇಲ್ಲ. ಪ್ರತಿ ವರ್ಷ ಚಳಿಗಾಲದಲ್ಲಿ ಕಟ್ಟಬೇಕು, ಪ್ರತಿ ಮಳೆಗಾಲದಲ್ಲಿ ಅದು ಕೊಚ್ಚಿಕೊಂಡು ಹೋಗಬೇಕು. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆದರೆ ಗುಡ್ಡದ ನೀರಿಗೆ ಸಮುದ್ರ ಸೇರುವ ಅವಸರ. ಮಾರ್ಚ್ ಬಂತೆಂದರೆ ಬಾವಿಗೆ ಇಳಿಸಿದ ಕೊಡ ತಳಕ್ಕೆ ಬಡಿದು ಸದ್ದು ಮಾಡುತ್ತದೆ.

ಚಳಿ ಅಂದೆನಲ್ಲ, ಕೊಡಗಿನ ಮಕ್ಕಳು ಓದಿದರೆ ನಕ್ಕಾರು. ನಮ್ಮದು ಕರಾವಳಿಯ ಚಳಿ, ಬೆಳಿಗ್ಗೆ ಎಂಟರವರೆಗೆ ಮಾತ್ರ. ಅಷ್ಟಕ್ಕೇ ಮನೆಯ ಇಬ್ಬರು ಮಕ್ಕಳೂ ನಾಯಿಯೂ ಬಚ್ಚಲೊಲೆಯ ಮುಂದೆ ಜಾಗಕ್ಕೆ ಜಗಳವಾಡುತ್ತಾರೆ. ಒಲೆಯ ಬಿಸಿ ಬೂದಿಯಲ್ಲಿ ಆಗ ತಾನೇ ಅಗೆದ ಗೆಣಸು ಬೇಯುತ್ತಿರುತ್ತದೆ. ಅಂಗಳದ ತುಂಬ ಕೊಯ್ಲಿನ ಅಡಿಕೆ ಹರಡಿದೆ. ಸಿಪ್ಪೆ ಸಮೇತ 40-45 ದಿನ ಬಿಸಿಲು ತಿಂದ ಮೇಲೆ ಅದು ಚಾಲಿ ಅಡಿಕೆಯಾಗುತ್ತದೆ. ಶಾಲೆಗೆ ಹೊರಡುವ ಮೊದಲು ಅದರ ಮೇಲೆ ಕಾಲೆಳೆಯುತ್ತ ನಡೆದು ಅಡಿಮೇಲು ಮಾಡುವುದು ಮಕ್ಕಳ ಕೆಲಸ. ಉಪ್ಪು, ಬೇಳೆ, ಸಕ್ಕರೆ, ಬೆಂಕಿಪೊಟ್ಟಣ ಇಂಥವನ್ನು ಬಿಟ್ಟರೆ ಹೊಟ್ಟೆಗೆ ಬೇಕಾದ ಹೆಚ್ಚಿನದೆಲ್ಲ ಈ ತೋಟದಿಂದಲೇ ಬರಬೇಕು. ತೋಟಕ್ಕೆ ನೀರು ಬಾವಿಯಿಂದ. ಬಾವಿಗೆ ನೀರು, ನಮ್ಮ ಅಜ್ಜ ಹೇಳುವ ಪ್ರಕಾರ, ಕಟ್ಟದಿಂದ.

ಈ ಅಜ್ಜ ನನ್ನ ಮಾವ. ಎಪ್ಪತ್ತೆಂಟು ವರ್ಷ. ಹೋದ ವರ್ಷ ನಾನು ಅವರ ಮಾತು ಕೇಳಲಿಲ್ಲ.

ನವೆಂಬರ್ ಕೊನೆಯಲ್ಲಿ ಇಬ್ಬರು ಕೆಲಸದವರು ಸಿಕ್ಕಿದ್ದರು. ಅಡಿಕೆ ಕೊಯ್ಲು ಶುರುವಾದರೆ ಮತ್ತೆ ಯಾರೂ ಸಿಗುವುದಿಲ್ಲ, ಈಗಲೇ ಕಟ್ಟಿ ಮುಗಿಸೋಣ ಎಂದು ಹಟ ಹಿಡಿದೆ. "ಈಗ ಬೇಡ ಮಾರಾಯ್ತಿ, ತೋಡಿನ ಹಾರಾಟ ಇಳಿಯಲಿ" ಅಂದರು ಮಾವ. ನಾನು ಕಟ್ಟಿಸಿಯೇ ಬಿಟ್ಟೆ. ಒಂಬತ್ತನೇ ದಿನ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ, ನಮ್ಮಲ್ಲಿ ಇಡೀ ರಾತ್ರಿ ಮಳೆ. ಬೆಳಿಗ್ಗೆ ಹೋಗಿ ನೋಡಿದರೆ ಎರಡು ಬದಿಯಲ್ಲಿ ನಾಲ್ಕು ನಾಲ್ಕು ಕಲ್ಲು, ನಡುವೆ ಕೆಂಪು ನೀರು. ಮತ್ತೆ ಕಟ್ಟಲು ಜನ ಸಿಗಲಿಲ್ಲ. ಏಪ್ರಿಲ್‌ನಲ್ಲಿ ಬಾವಿ ಬತ್ತಿತು. ಅಡಿಕೆ ಮರದ ನಳ್ಳಿ, ಅಂದರೆ ಎಳೆಗಾಯಿ, ನೆಲದ ತುಂಬ ಉದುರಿತು. ದನಗಳಿಗೆ ಕುಡಿಯಲು ಆಚೆಮನೆಯಿಂದ ನೀರು ಹೊತ್ತೆವು. ಮಾವ ಒಂದು ದಿನವೂ "ನಾನು ಹೇಳಿರಲಿಲ್ಲವಾ" ಎನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಈ ಸಲ ದಿನ ಗೊತ್ತು ಮಾಡುವ ಕೆಲಸ ಅವರಿಗೇ ಬಿಟ್ಟೆ. ಅವರು ಮಾಡಿದ್ದು ಇಷ್ಟೆ. ತೋಡಿನ ನಡುವೆ ಒಂದು ಬಿದಿರಿನ ಕೋಲು ಹುಗಿದರು. ದಿನಾ ಬೆಳಿಗ್ಗೆ ನೀರು ಎಲ್ಲಿಗೆ ಮುಟ್ಟಿದೆಯೋ ಅಲ್ಲಿ ಎಲೆತಟ್ಟೆಯ ಸುಣ್ಣದಿಂದ ಒಂದು ಗೆರೆ. ಮಗಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಮೊದಮೊದಲು ಗೆರೆಯಿಂದ ಗೆರೆಗೆ ಒಂದು ಬೆರಳು ಅಂತರ. ಆಮೇಲೆ ಅರ್ಧ ಬೆರಳು. ಡಿಸೆಂಬರ್ ನಡುವಿನ ಹೊತ್ತಿಗೆ ಗೆರೆಗಳು ಒಂದಕ್ಕೊಂದು ತಾಗತೊಡಗಿದವು. "ಮಳೆಯ ನೀರು ಮುಗಿಯಿತು. ಇನ್ನು ಬರುವುದು ಗುಡ್ಡದ ಒರತೆ ಮಾತ್ರ. ಅದನ್ನು ಹಿಡಿಯಬೇಕು" ಅಂದರು ಅಜ್ಜ. ಬೇಗ ಕಟ್ಟಿದರೆ ಒಡೆಯುತ್ತದೆ, ತಡವಾದರೆ ಹಿಡಿಯಲು ನೀರೇ ಇರುವುದಿಲ್ಲ. ನಡುವಿನ ಆ ನಾಲ್ಕು ದಿನ ಯಾವುದೆಂದು ಸುಣ್ಣದ ಗೆರೆ ಹೇಳಿತು.

ಕಳೆದ ಶನಿವಾರ ಬೆಳಿಗ್ಗೆ ಏಳಕ್ಕೆ ಇಳಿದೆವು. ನಾವು ಐವರು, ಕೆಳಮನೆಯಿಂದ ಮೂವರು. ಎರಡೂ ದಂಡೆಯಲ್ಲಿ ಬಂಡೆ ಇರುವ ಜಾಗ, ಅಗಲ 16 ಅಡಿ. ಮೊದಲು ಮರಳು ತೆಗೆದು ಗಟ್ಟಿ ನೆಲ ಸಿಗುವವರೆಗೆ ಕೆದಕಿದೆವು. ಮರಳಿನ ಮೇಲೆ ಕಟ್ಟಿದರೆ ನೀರು ಅಡಿಯಿಂದಲೇ ನುಸುಳಿಕೊಂಡು ಹೋಗುತ್ತದೆ. ಆಮೇಲೆ ಎರಡು ಸಾಲು ಕಲ್ಲು, ನಡುವೆ ಎರಡು ಮೊಳ ಜಾಗ. ಆ ಜಾಗಕ್ಕೆ ಮಣ್ಣು. ಒಂದು ಗೇಣು ಮಣ್ಣು ಹಾಕುವುದು, ನೀರು ಚಿಮುಕಿಸುವುದು, ತುಳಿಯುವುದು. ಮತ್ತೆ ಒಂದು ಗೇಣು. ತುಳಿಯುವ ಗುತ್ತಿಗೆ ಮಕ್ಕಳದ್ದು. ಗುಡ್ಡದ ಮಣ್ಣನ್ನು ಅಡಿಕೆ ಹಾಳೆಯಲ್ಲಿ ತುಂಬಿ ಇಳಿಜಾರಿನಲ್ಲಿ ಜಾರಿಸಿದ್ದೂ ಅವರೇ. ಕೆಲವು ಸಲ ಹಾಳೆಯಲ್ಲಿ ಮಣ್ಣಿನ ಬದಲು ಮಗನೇ ಕುಳಿತು ಬಂದ.

ಎಲ್ಲ ಮಣ್ಣೂ ಆಗುವುದಿಲ್ಲ. ನೀವು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬೇರೆ ಬೇರೆ ಜಾಗದ ಮಣ್ಣು ಕಲಸಿ ನಿಂಬೆ ಗಾತ್ರದ ಉಂಡೆ ಮಾಡಿ, ಲೋಟದ ನೀರಿನಲ್ಲಿ ಬಿಡಿ. ಕೆಲವು ಕೂಡಲೇ ಉದುರಿ ಹೋಗುತ್ತವೆ, ಕೆಲವು ಗಂಟೆಗಟ್ಟಲೆ ಉಂಡೆಯಾಗಿಯೇ ಕೂರುತ್ತವೆ. ಹಾಗೆ ಕೂರುವ ಅಂಟು ಮಣ್ಣೇ ಕಟ್ಟಕ್ಕೆ ಬೇಕು. ತೋಡಿನಲ್ಲಿ ಕಟ್ಟಿ ನೋಡುವ ಆಸೆಯಾದರೆ ಮಾತ್ರ ದೊಡ್ಡವರನ್ನು ಕರೆದುಕೊಂಡೇ ಇಳಿಯಬೇಕು.

ಮಧ್ಯಾಹ್ನದ ಗಂಜಿ ಊಟದ ಹೊತ್ತಿಗೆ ಮಗ ಸೋತಿದ್ದ. "ಆಚೆಮನೆಯವರ ಹಾಗೆ ಬೋರ್‌ವೆಲ್ ಹಾಕಿಸಿದ್ದರೆ ಇದೆಲ್ಲ ಬೇಕಿತ್ತಾ?" ಎಂದು ಕೇಳಿದ. ಅಜ್ಜ ಅದಕ್ಕೆ ಉತ್ತರ ಕೊಡದೆ ಅಮೈ ಮಹಾಲಿಂಗ ನಾಯ್ಕರ ಕತೆ ತೆಗೆದರು. ಅಡ್ಯನಡ್ಕದ ಹತ್ತಿರದವರು. ಬೇರೆಯವರ ತೋಟದಲ್ಲಿ ದುಡಿದು ಬಂದು, ಉಳಿದ ಹೊತ್ತಿನಲ್ಲಿ ತಮ್ಮ ಬೋಳು ಗುಡ್ಡಕ್ಕೆ ಒಬ್ಬರೇ ಸುರಂಗ ಕೊರೆದವರು. ಒಂದಲ್ಲ, ಎರಡಲ್ಲ, ಐದು ಸುರಂಗದಲ್ಲಿ ನೀರು ಸಿಗಲಿಲ್ಲ. ಆರನೆಯದರಲ್ಲಿ ಸಿಕ್ಕಿತು. ಗುಡ್ಡ ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. "ಐದು ಸಲ!" ಎಂದ ಮಗ. ಗಂಜಿಗೆ ಇನ್ನೊಂದು ಮಿಡಿ ಉಪ್ಪಿನಕಾಯಿ ಹಾಕಿಸಿಕೊಂಡು ಎದ್ದ.

ಕಟ್ಟದಲ್ಲಿ ಕಷ್ಟದ್ದು ಕೊನೆಯ ಅರ್ಧ ಗಂಟೆ. ಅಲ್ಲಿಯವರೆಗೆ ನೀರು ಹರಿದು ಹೋಗಲು ನಡುವೆ ಮೂರಡಿ ಕಂಡಿ ಬಿಟ್ಟಿರುತ್ತೇವೆ. ಅದನ್ನು ಒಂದೇ ಉಸಿರಿಗೆ ಮುಚ್ಚಬೇಕು. ನಿಧಾನವಾದರೆ ಹಾಕಿದ ಮಣ್ಣನ್ನೆಲ್ಲ ನೀರು ಎಳೆದುಕೊಂಡು ಹೋಗುತ್ತದೆ. ಸೀಳಿದ ಅಡಿಕೆ ಮರದ ತುಂಡುಗಳನ್ನು ಅಡ್ಡ ಕೊಟ್ಟು ಬುಟ್ಟಿಯ ಮೇಲೆ ಬುಟ್ಟಿ ಸುರಿದೆವು. ಎರಡು ಸಲ ಕೊಚ್ಚಿ ಹೋಯಿತು. ನನಗೆ ಹೋದ ವರ್ಷದ ಆ ಬೆಳಗೇ ಕಣ್ಣ ಮುಂದೆ. ಮೂರನೇ ಸಲ ನೋಡುತ್ತೇನೆ, ದಂಡೆಯಲ್ಲಿ ಕಂಬಳಿ ಹೊದ್ದು ಕೂತಿರಬೇಕಾದ ಮಾವ ಮೊಣಕಾಲುದ್ದ ನೀರಿನಲ್ಲಿ, ತುಂಡುಗಳಿಗೆ ಬೆನ್ನು ಕೊಟ್ಟು ನಿಂತಿದ್ದಾರೆ. "ನನ್ನನ್ನು ನೋಡಬೇಡ, ಮಣ್ಣು ಹಾಕು!" ಹಾಕಿದೆ. ನಿಂತಿತು.

ಒಂದು ಬದಿಯಲ್ಲಿ ಕಟ್ಟಕ್ಕಿಂತ ಒಂದು ಗೇಣು ತಗ್ಗಾಗಿ ಚಪ್ಪಟೆ ಕಲ್ಲು ಹಾಸಿದ್ದೇವೆ. ತುಂಬಿದ ನೀರು ಅಲ್ಲಿಂದಲೇ ಇಳಿಯಬೇಕು. ಮಣ್ಣಿನ ತಲೆಯ ಮೇಲೆ ಹರಿದರೆ ಕಟ್ಟ ಉಳಿಯದು. ಮಾರನೆಯ ದಿನ ಬೆಳಿಗ್ಗೆ ಮಗಳು ಓಡಿ ಬಂದಳು. ಕಟ್ಟದ ಕೆಳಬದಿಯಿಂದ ಬೆರಳು ದಪ್ಪದ ನೀರು ಸುರಿಯುತ್ತಿತ್ತು. ಏಡಿಯ ಕೆಲಸ! ಬಿಲವನ್ನು ಮೇಲುಬದಿಯಲ್ಲಿ ಹುಡುಕಿ, ಸೊಪ್ಪು ತುರುಕಿ, ಮಣ್ಣು ಮೆತ್ತಿದೆವು. ಏಡಿಗೆ ಬೇರೆ ಮನೆ ಹುಡುಕುವ ಕಷ್ಟ ಬಂತು. ಇನ್ನು ಮೇ ತಿಂಗಳವರೆಗೆ ದಿನಾ ಒಬ್ಬರು ಹೋಗಿ ನೋಡುತ್ತಿರಬೇಕು.

ಇವತ್ತು ಬೆಳಿಗ್ಗೆ ಅಜ್ಜನ ಕೋಲು ಪೂರ್ತಿ ಮುಳುಗಿದೆ, ತುದಿ ಕೂಡ ಕಾಣುವುದಿಲ್ಲ. ಬಾವಿಯ ನೀರು ಒಂದು ಮೆಟ್ಟಿಲು ಏರಿದೆ ಎಂದು ಮಗಳು ಬರೆದುಕೊಂಡಿದ್ದಾಳೆ. ನನಗೆ ಮುಕ್ಕಾಲು ಮೆಟ್ಟಿಲು ಅಂತ ಕಂಡಿತು, ವಾದಿಸಲಿಲ್ಲ. ಬರುವ ಭಾನುವಾರ ಕೆಳಮನೆಯವರ ಕಟ್ಟ. ನಮ್ಮಿಂದ ಇಳಿದ ನೀರನ್ನು ಅವರು ಹಿಡಿಯುತ್ತಾರೆ, ಅವರಿಂದ ಇಳಿದದ್ದನ್ನು ಅವರ ಕೆಳಗಿನವರು. ಅವರು ಮೂವರು ಬಂದಿದ್ದರು, ಮುಯ್ಯಿಗೆ ನಾವು ಮೂವರು ಹೋಗಬೇಕು. ಮಾವನಿಗೆ ಸ್ವಲ್ಪ ಕೆಮ್ಮು. ಅವರನ್ನು ಕರೆದುಕೊಂಡು ಹೋಗುವುದಿಲ್ಲ ಎಂದು ನಾನು ಹೇಳಿಯಾಗಿದೆ. ಅವರು ಜಗಲಿಯಲ್ಲಿ ಕುಳಿತು ಹಾರೆಗೆ ಹೊಸ ಹಿಡಿ ಹಾಕುತ್ತಿದ್ದಾರೆ.