ಮಲಗುವ ಮುನ್ನ ಒಂದು ಸಾಲು

ಕೋಟೇಶ್ವರದ ಕಡೆಯ ಮನೆಗಳಲ್ಲಿ ಅಡಿಗೆಯ ಕೋಣೆಯ ಬಾಗಿಲ ಬಳಿ ತೂಗುವ ಕ್ಯಾಲೆಂಡರನ್ನು ನೋಡಿದವರಿಗೆ ಗೃಹಿಣಿಯ ಕೈಬರಹವು ಕಾಣದೆ ಇರದು. ಹಾಲು ಎಷ್ಟು ಬಂದಿತು, ಗ್ಯಾಸಿನ ಸಿಲಿಂಡರನ್ನು ಯಾವ ತಾರೀಕಿಗೆ ಹೂಡಿದ್ದು, ತೋಟದಾಳಿಗೆ ಕೊಟ್ಟ ಮುಂಗಡವೆಷ್ಟು, ಎಲ್ಲವೂ ಅಲ್ಲಿ ಉಂಟು. ಆ ದಿವಸ ಆಕೆ ಕಂಡುದೇನು, ನಕ್ಕುದು ಯಾತಕ್ಕೆ ಎಂಬುದು ಮಾತ್ರ ಇಲ್ಲ. ವರುಷ ತುಂಬಿದೊಡನೆ ಹಾಳೆಗಳು ಮಕ್ಕಳ ಪುಸ್ತಕದ ಹೊದಿಕೆಯಾಗುತ್ತವೆ. ಅವುಗಳೊಡನೆ ೩೬೫ ದಿವಸಗಳೂ ಹೋಗುತ್ತವೆ.

ಆ ಕ್ಯಾಲೆಂಡರಿನ ಮಗ್ಗುಲಲ್ಲಿ ಒಂದು ಚಿಕ್ಕ ಪುಸ್ತಕವನ್ನಿಟ್ಟು, ಪ್ರತಿ ರಾತ್ರಿ ಮಲಗುವ ಮುನ್ನ ಒಂದೇ ಸಾಲು ಬರೆಯಬೇಕೆಂಬುದು ನಮ್ಮ ಅಭಿಪ್ರಾಯ. ಒಂದೇ ಸಾಲೆಂಬುದನ್ನು ಒತ್ತಿ ಹೇಳುತ್ತೇವೆ. ಜನವರಿಯಲ್ಲಿ ದಪ್ಪ ದಿನಚರಿಯನ್ನು ಕೊಂಡು, ದಿನಕ್ಕೆ ಮೂರು ಪುಟ ತುಂಬಿ, ಸಂಕ್ರಾಂತಿಗೆ ಮುಂಚೆಯೇ ಕೈಬಿಟ್ಟವರ ಸಾಲಿಗೆ ನಾವೂ ಸೇರಿದವರು.

ನಮ್ಮಂಥವರ ದಿವಸಗಳಲ್ಲಿ ಬರೆಯತಕ್ಕದ್ದೇನಿದೆ ಎಂದು ಸಹೋದರಿಯರು ಕೇಳುವರು. ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟಿಲಿಂಗೇಶ್ವರನ ತೇರು ಎಳೆಯುವ ಕೊಡಿ ಹಬ್ಬವನ್ನು ಈ ಸೀಮೆಯಲ್ಲಿ ಯಾವ ಮತದವರೂ ಮರೆಯರು. ಹೊಸತಾಗಿ ಮದುವೆಯಾದವರು ಕಬ್ಬಿನ ಕೊಡಿ ಹಿಡಿದು ಮನೆಗೆ ಮರಳುವುದನ್ನು ಬೀದಿಯಲ್ಲಿ ನಿಂತು ನೋಡದವರಾರು? ಹಬ್ಬವು ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ. ಉಳಿಯದೆ ಹೋಗುವುದು ಅದರ ಮರುದಿನ: ಬೀದಿಯ ಕಬ್ಬಿನ ಸಿಪ್ಪೆ, ಪೀಪಿಯನ್ನು ಕೈಯಲ್ಲಿ ಹಿಡಿದೇ ನಿದ್ದೆಹೋದ ಮಗು, ಕೋಟಿತೀರ್ಥದ ನೀರಿನ ಮೇಲೆ ಮತ್ತೆ ನೆಲಸಿದ ಮೌನ. ನಮ್ಮ ಆಯುಸ್ಸಿನ ಬಹುಪಾಲು ಇಂಥ ಮರುದಿನಗಳಿಂದಲೇ ಆದುದಲ್ಲವೆ?

ಹೈಸ್ಕೂಲಿನ ಇಂಗ್ಲಿಷ್ ಪಾಠದಲ್ಲಿ ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಹೂಗಳ ಪದ್ಯವನ್ನು ಬಾಯಿಪಾಠ ಮಾಡಿದವರು ನಮ್ಮಲ್ಲಿ ಅನೇಕರಿರುವರು. ಆ ಹೂಗಳನ್ನು ೧೮೦೨ನೆಯ ಇಸವಿ ಏಪ್ರಿಲ್ ೧೫ರಂದು ಸರೋವರದ ದಡದಲ್ಲಿ ಕವಿಯೊಡನೆ ಕಂಡವಳು ಆತನ ತಂಗಿ ಡೊರೋತಿ. ಆಕೆ ಅವನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಳು. ಪದ್ಯವು ಹುಟ್ಟಿದ್ದು ಅದಾದ ಮೇಲೆ, ಅಚ್ಚಾದದ್ದು ೧೮೦೭ರಲ್ಲಿ. ಪದ್ಯದಲ್ಲಿ ಕವಿಯು ಒಂಟಿಯಾಗಿ ಅಲೆಯುತ್ತಾನೆ, ತಂಗಿಯ ಸುಳಿವೇ ಇಲ್ಲ! ದಿನಚರಿಯು ಉಳಿಯದಿದ್ದರೆ ಆಕೆ ಅಲ್ಲಿದ್ದಳೆಂಬುದನ್ನು ನಮಗೆ ಯಾರು ಹೇಳುತ್ತಿದ್ದರು? ಹೆಣ್ಣುಮಕ್ಕಳು ಇದನ್ನು ಚಿತ್ತದಲ್ಲಿಡತಕ್ಕದ್ದು.

ದೂರದ ಮಾತು ಬೇಡವೆಂದರೆ, ೧೮೪೩ನೆಯ ಇಸವಿ ಜುಲೈ ೧ರಂದು ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಡಿಸಿದ ‘ಮಂಗಳೂರ ಸಮಾಚಾರ’ವುಂಟು. ಊರ ಸುದ್ದಿಯೂ ಬರೆದಿಡಲು ಯೋಗ್ಯವೆಂದು ಈ ಕರಾವಳಿಗೆ ತೋರಿಸಿದ್ದು ಅದು. ಮನೆಯ ಸುದ್ದಿ ಅದಕ್ಕಿಂತ ಕೀಳೆ?

ಕೈಯಲ್ಲಿ ಮೊಬೈಲು ಇರುವಾಗ ಬರೆಯುವ ಶ್ರಮವೇಕೆಂಬ ಆಕ್ಷೇಪವುಂಟು. ಸಾವಿರಾರು ಚಿತ್ರಗಳನ್ನು ತೆಗೆದವರು ಅವನ್ನು ತಿರುಗಿ ನೋಡುವುದನ್ನು ನಾವು ಅಪರೂಪವಾಗಿ ಕಂಡಿದ್ದೇವೆ. ಅಲ್ಲದೆ ಸಾಲು ಬರೆಯಬೇಕೆಂದು ಬಲ್ಲವಳು ಮಧ್ಯಾಹ್ನದಿಂದಲೇ ಕಣ್ಣುತೆರೆದು ನಡೆಯುತ್ತಾಳೆ. ಈ ಅಭ್ಯಾಸದ ನಿಜವಾದ ಲಾಭವು ಇದೆಂದು ನಮಗೆ ತೋರುತ್ತದೆ. ರಾತ್ರಿಯ ಪ್ರಾರ್ಥನೆಯ ವೇಳೆ ಆ ದಿನದ ತಪ್ಪುಗಳನ್ನು ಎಣಿಸಲು ನಮಗೆ ಕಲಿಸಿದರು. ಅದು ಒಳ್ಳೆಯದೇ. ಆದರೆ ತಪ್ಪುಗಳನ್ನು ಮಾತ್ರ ಎಣಿಸಿದರೆ, ಕೊಟ್ಟಾತನ ಲೆಕ್ಕದಲ್ಲಿ ಅರ್ಧವನ್ನು ಬಿಟ್ಟಂತಾಗುವುದು.

ಮಾತಾಪಿತೃಗಳಲ್ಲಿ ನಮ್ಮದೊಂದು ಬಿನ್ನಹವುಂಟು. ಮಗಳು ಇಂಥ ಪುಸ್ತಕವನ್ನು ಇಟ್ಟರೆ, ಅದಕ್ಕೆ ಬೀಗವಿಲ್ಲದಿದ್ದರೂ ತಾವು ತೆರೆಯಬಾರದು. ತಾಯಿ ಓದುವಳೆಂದು ತಿಳಿದ ಹುಡುಗಿ ತಾಯಿಗೆ ಒಪ್ಪುವುದನ್ನೇ ಬರೆಯುವಳು. ನಮ್ಮ ತರಗತಿಯಲ್ಲಿ ಒಬ್ಬ ಗೆಳತಿ ಬಹಳ ಚೆನ್ನಾಗಿ ಬರೆಯುತ್ತಿದ್ದಳು. ಒಂದು ಸಂಜೆ ಮನೆಯವರು ನೆಂಟರೆದುರಿಗೆ ಆಕೆಯ ಪುಸ್ತಕವನ್ನು ಗಟ್ಟಿಯಾಗಿ ಓದಿ ನಕ್ಕರು, ಕೆಡುಕಿನಿಂದಲ್ಲ, ಸಲುಗೆಯಿಂದ. ಆಕೆಗೆ ಈಗ ಮೊಮ್ಮಕ್ಕಳಿದ್ದಾರೆ. ಮೊನ್ನೆ ಕೇಳಿದೆವು, ಅಂದಿನಿಂದ ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕವನ್ನಲ್ಲದೆ ಬೇರೇನನ್ನೂ ಬರೆದಿಲ್ಲವೆಂದಳು.