ಯಾವ ಟೆನ್ಶನ್ ಅಂತ ಕೇಳೋಣ

ಟೆನ್ಶನ್ ಇಲ್ಲದ ಮನುಷ್ಯ ಈಗ ಹಳ್ಳಿಯಲ್ಲೂ ಸಿಗಲಾರ. ಪರೀಕ್ಷೆ ಬಂದರೆ ಮಕ್ಕಳಿಗೆ ಟೆನ್ಶನ್, ಮಳೆ ತಡವಾದರೆ ನಮಗೆ ಟೆನ್ಶನ್, ಬಸ್ಸು ತಪ್ಪಿದರೂ ಅದೇ ಟೆನ್ಶನ್.

ಇಂಗ್ಲಿಷಿನಲ್ಲಿ ಇದರ ಮೂಲ ಅರ್ಥ ಎಳೆತ, ಬಿಗಿತ. ಹಿಟ್ಟಿನ ಗಿರಣಿಯ ಬೆಲ್ಟಿಗೆ ಟೆನ್ಶನ್ ಬೇಕೇ ಬೇಕು. ಸಡಿಲವಾದರೆ ಜಾರುತ್ತೆ, ವಿಪರೀತ ಬಿಗಿದರೆ ಬೇರಿಂಗ್ ಹೋಗುತ್ತೆ. ಕರೆಂಟಿನವರ ಹೈ ಟೆನ್ಶನ್ ಬೇರೆ, ಅದು ವೋಲ್ಟೇಜ್ ಲೆಕ್ಕ. ಹೊಲದ ಮೇಲಿನ 11,000 ವೋಲ್ಟಿನ ತಂತಿ ಜೋತುಬಿದ್ದಿದ್ದರೂ ಹೈ ಟೆನ್ಶನ್ನೇ. ಸಡಿಲ ಇದೆ ಅಂತ ಹತ್ತಿರ ಹೋಗುವಂತಿಲ್ಲ.

ಆಸ್ಪತ್ರೆಯ ಹೈಪರ್‌ಟೆನ್ಶನ್ ಅಂದರೆ ರಕ್ತದೊತ್ತಡ, ಚಿಂತೆಯಲ್ಲ. ಇಲ್ಲೇ ನಮ್ಮವರು ಎಡವುವುದು. 'ನನಗೇನೂ ಟೆನ್ಶನ್ ಇಲ್ಲ, ಬಿಪಿ ಎಲ್ಲಿಂದ ಬರುತ್ತೆ' ಅಂತ ಮಾತ್ರೆ ಬಿಡುವವರಿದ್ದಾರೆ. ನೆಮ್ಮದಿಯಾಗಿರುವವನಿಗೂ ಬಿಪಿ 140/90 ದಾಟಬಹುದು, ಹೊರಗೆ ಏನೂ ಗೊತ್ತಾಗದೆ ಇರಬಹುದು. ಅಳೆಸಿದರೇ ತಿಳಿಯೋದು. ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬಾರದು.

ಇನ್ನು ಮನಸ್ಸಿನದು. ಇದಕ್ಕೆ ನಮ್ಮ ಹಿರಿಯರು ಎಷ್ಟೊಂದು ಮಾತು ಇಟ್ಟಿದ್ದರು! ಮದುವೆ ಮನೆಯದು ಗಡಿಬಿಡಿ. ಆರಿದ್ರಾ ಮಳೆ ಕಳೆದರೂ ಬಿತ್ತನೆ ಆಗದಿದ್ದರೆ ಕಳವಳ. ಹೊತ್ತು ಮುಳುಗಿದರೂ ದನ ಮನೆಗೆ ಬಾರದಿದ್ದರೆ ದಿಗಿಲು. ಸಾಲ ಕೊಟ್ಟವನು ಬಾಗಿಲಿಗೆ ಬಂದರೆ ಅಂಜಿಕೆ, ಅವಮಾನ. ಹೆಸರು ಬೇರೆಯಾದ್ದರಿಂದ ಮದ್ದೂ ಬೇರೆ ಇತ್ತು. ಗಡಿಬಿಡಿಗೆ ನಾಲ್ಕು ಜನ ಕೈ ಹಾಕಿದರೆ ಸಾಕು. ಮಳೆ ಇನ್ನೂ ತಡವಾದರೆ ಹುರುಳಿ ಬಿತ್ತುವ ಯೋಚನೆ ಮಾಡಬಹುದು. ಸಾಲಕ್ಕೆ ಮಾತ್ರ ಕೂತು ಲೆಕ್ಕ ಹಾಕಲೇಬೇಕು.

ಈಗ ಎಲ್ಲವನ್ನೂ ಟೆನ್ಶನ್ ಎಂಬ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಟ್ಟಿದ್ದೇವೆ. ಪಕ್ಕದ ಹೊಲದವನು 'ಭಾಳ ಟೆನ್ಶನ್ ಕಣಣ್ಣಾ' ಅಂದರೆ 'ಟೆನ್ಶನ್ ಮಾಡ್ಕೋಬೇಡ ಬಿಡೋ' ಅಂದು ಬೀಡಿ ಹಚ್ಚುತ್ತೇವೆ. ಅವನು ಹೇಳಬೇಕಿದ್ದ ಮಾತು ಗಂಟಲಲ್ಲೇ ಉಳಿಯುತ್ತೆ.

ಆದ್ದರಿಂದ ರೈತ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಯಾರಾದರೂ ಟೆನ್ಶನ್ ಅಂದರೆ 'ಏನಪ್ಪಾ ಅದು, ಬಿಡಿಸಿ ಹೇಳು' ಅಂತ ಕೇಳಿ. ಸಾಲವಾದರೆ ಎಷ್ಟು, ಯಾರ ಹತ್ತಿರ, ಬಡ್ಡಿ ಏನು ಅಂತ ಕೇಳಿ. ನಿದ್ದೆ, ಊಟ ಬಿಟ್ಟಿದ್ದಾನೆ, ಬದುಕೇ ಬೇಡ ಅನ್ನುತ್ತಿದ್ದಾನೆ ಅಂದರೆ ಅವನನ್ನು ಒಬ್ಬನನ್ನೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ 2022ರಿಂದ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕಾಸಿಲ್ಲದೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅವನ ಕೈಲಿ ಆಗದಿದ್ದರೆ ನೀವೇ ಪಕ್ಕದಲ್ಲಿ ಕೂತು ಫೋನು ಮಾಡಿಕೊಡಿ.