ಗುಜರಿಗೆ ಹಾಕೋ ಮುಂಚೆ ಒಂದು ಕೇಬಲ್ ಹಚ್ಚಿ ನೋಡಿ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಕಂಪ್ಯೂಟರ್ ಕೆಟ್ಟರೆ ಅಂಗಡಿಯಲ್ಲಿ ಕೇಳೋ ಮಾತು ಒಂದೇ: "ಅದು ಹೋತ್ರೀ, ಹೊಸಾದು ತಗೋರಿ." ಏನು ಹೋಯ್ತು ಅಂತ ಮಾತ್ರ ಯಾರೂ ಕೇಳಲ್ಲ. ಎಷ್ಟೋ ಸಲ ಹೋಗಿರೋದು ಎಸ್‌ಎಂಪಿಎಸ್ಸೋ ಮದರ್‌ಬೋರ್ಡೋ ಅಷ್ಟೇ. ಒಳಗಿನ ಹಾರ್ಡ್ ಡಿಸ್ಕ್ ಗಟ್ಟಿಯಾಗೇ ಇರುತ್ತೆ. ಆದರೂ ಇಡೀ ಡಬ್ಬ ಗುಜರಿಗೆ!

ಇದಕ್ಕೆ ಮದ್ದು ಒಂದು ಚಿಕ್ಕ ಯುಎಸ್‌ಬಿ ಅಡಾಪ್ಟರ್. ಡಿಸ್ಕನ್ನು ಬಿಚ್ಚಿ ಇದಕ್ಕೆ ಸಿಕ್ಕಿಸಿ, ಬೇರೆ ಕಂಪ್ಯೂಟರಿಗೆ ಪೆನ್‌ಡ್ರೈವ್ ಥರ ಜೋಡಿಸಿದರೆ ಆಯ್ತು. ಕೊಳ್ಳೋ ಮುಂಚೆ ಡಿಸ್ಕ್ ಯಾವ ಜಾತಿಯದು ಅಂತ ನೋಡ್ಕೊಳ್ಳಿ. ಅಗಲವಾದ ಪಟ್ಟಿ ಕೇಬಲ್, 40 ಪಿನ್ ಇದ್ದರೆ ಅದು ಹಳೇ ಐಡಿಇ. ಹಳೇ ಲ್ಯಾಪ್‌ಟಾಪಿನದಾದರೆ 44 ಪಿನ್. ತೆಳು ಕೇಬಲ್ಲಿನದು ಸಾಟಾ. ಮೂರಕ್ಕೂ ಆಗೋ ಅಡಾಪ್ಟರುಗಳೂ ಇವೆ.

ಎಲ್ಲರೂ ಎಡವೋದು ಕರೆಂಟಿನ ವಿಷಯದಲ್ಲಿ. ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು. ಸಾಮಾನ್ಯ ಯುಎಸ್‌ಬಿ ಪೋರ್ಟ್ ಕೊಡೋದು 5 ವೋಲ್ಟ್. ಹಾಗಾಗಿ ಬರೀ ಕೇಬಲ್ ತಂದು "ಡಿಸ್ಕ್ ಸತ್ತಿದೆ" ಅಂತ ತೀರ್ಮಾನಿಸಬೇಡಿ. ಪ್ರತ್ಯೇಕ ಪವರ್ ಇರೋ ಅಡಾಪ್ಟರನ್ನೇ ತಗೊಳ್ಳಿ. ಲ್ಯಾಪ್‌ಟಾಪಿನ ಎರಡೂವರೆ ಇಂಚಿನದು 5 ವೋಲ್ಟಲ್ಲೇ ಓಡುತ್ತೆ. ಐಡಿಇ ಆದರೆ ಜಂಪರ್ ಮಾಸ್ಟರ್‌ನಲ್ಲಿ ಇರಲಿ. ವಿಂಡೋಸ್ "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳಿದರೆ ದಯವಿಟ್ಟು ಹೂಂ ಅನ್ನಬೇಡಿ! ಟಕ್ ಟಕ್ ಅಂತ ಸದ್ದು ಬಂದರೆ ತಕ್ಷಣ ಪವರ್ ತೆಗೆಯಿರಿ.

ಇಷ್ಟೆಲ್ಲ ಯಾಕಪ್ಪಾ, ಎಲ್ಲಾ ಕ್ಲೌಡಲ್ಲಿದೆಯಲ್ಲ ಅಂತೀರಾ? ಈಗಿನ ಫೋನಿನ ಫೋಟೋ ಇರಬಹುದು ಸ್ವಾಮೀ. 2003ರ ಮದುವೆ ವಿಡಿಯೋ ಯಾವ ಕ್ಲೌಡಲ್ಲಿದೆ? ಹಿಂದೆ ಜೇವರ್ಗಿ ತಾಲೂಕಿನಲ್ಲಿದ್ದ ಕಡಕೋಳದ ಮಡಿವಾಳಪ್ಪನವರ ತತ್ವಪದಗಳು ನಮ್ಮ ಕಡೆ ಭಜನೆಯಲ್ಲಿ ಬಾಯಿಂದ ಬಾಯಿಗೆ ಬಂದವು. ಅಂಥ ಪದಗಳನ್ನ ಡಿಟಿಪಿ ಅಂಗಡಿಯಲ್ಲಿ ನುಡಿಯಲ್ಲೋ ಶ್ರೀಲಿಪಿಯಲ್ಲೋ ಟೈಪ್ ಮಾಡಿಸಿಟ್ಟವರು ಊರಿಗೊಬ್ಬರಾದರೂ ಇದ್ದಾರು. ಅಂಗಡಿ ಮುಚ್ಚಿದ ದಿನ ಅದೂ ಗುಜರಿ ಪಾಲು.

ಫೈಲ್ ತೆಗೆದಾಗ ವಿಚಿತ್ರ ಅಕ್ಷರ ಕಂಡರೆ ಗಾಬರಿ ಬೇಡ. ಫೈಲು ಕೆಟ್ಟಿರಬೇಕಂತಿಲ್ಲ, ಆ ಫಾಂಟು ನಿಮ್ಮಲ್ಲಿ ಇಲ್ಲದಿರಬಹುದು. ನುಡಿ, ಬರಹದ ಹಳೇ ಬರವಣಿಗೆಯನ್ನ ಯುನಿಕೋಡಿಗೆ ಬದಲಾಯಿಸೋ ಪರಿವರ್ತಕಗಳಿವೆ. ಮೊದಲು ಮೂಲ ಫೈಲನ್ನು ಹಾಗೇ ಎರಡು ಕಡೆ ನಕಲು ಮಾಡಿ, ಆಮೇಲೆ ಪರಿವರ್ತಿಸಿ. ಒತ್ತಕ್ಷರ, ಅರ್ಕಾವತ್ತು ಆಚೀಚೆ ಆಗಿದ್ದರೆ ಕೂತು ತಿದ್ದಬೇಕಾಗುತ್ತೆ.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕಿನ ಊರುಗಳಿಗೆ ನೀರು ನುಗ್ಗಿದ್ದು ನೆನಪಿರಬೇಕಲ್ಲ? ನೀರು ಕುಡಿದ ಡಿಸ್ಕಿಗೆ ಮಾತ್ರ ಈ ಅಡಾಪ್ಟರ್ ಹಚ್ಚಬೇಡಿ, ಡೇಟಾ ರಿಕವರಿ ಗೊತ್ತಿರೋರ ಕೈಗೇ ಕೊಡಿ. ನೀರು ಬರೋ ಮುಂಚೆ ನಕಲು ಮಾಡಿ ಬೇರೆ ಊರಲ್ಲಿಟ್ಟರೆ ಆ ಪಜೀತಿಯೇ ಇಲ್ಲ.

ಇನ್ನೊಂದು ಮಾತು. ಗುಜರಿಗೆ ಹೋದ ಡಿಸ್ಕಿನಲ್ಲಿ ನಮ್ಮ ಆಧಾರ್ ಪ್ರತಿ, ಮನೆ ಹೆಣ್ಮಕ್ಕಳ ಫೋಟೋ, ಹೊಲದ ಪಹಣಿ ಎಲ್ಲಾ ಹೋಗುತ್ತೆ. ನಾವು ಹಚ್ಚಬಹುದಾದ ಅಡಾಪ್ಟರನ್ನ ಬೇರೆಯವರೂ ಹಚ್ಚಬಹುದು!

ನನ್ನ ಕೇಳಿದರೆ ತಾಲೂಕಿಗೊಂದು ಗ್ರಂಥಾಲಯದಲ್ಲೋ ಡಿಗ್ರಿ ಕಾಲೇಜಿನಲ್ಲೋ ಇಂಥದ್ದೊಂದು ಅಡಾಪ್ಟರ್ ಇರಬೇಕು. ವಾರಕ್ಕೊಂದು ದಿನ ಜನ ತಮ್ಮ ಹಳೇ ಡಿಸ್ಕ್ ತಂದು, ಎದುರಿಗೇ ಕೂತು ನಕಲು ಮಾಡಿಕೊಂಡು ಹೋಗಲಿ. ರಿಪೇರಿ ಅಂಗಡಿಯವರೂ ಇದಕ್ಕೆ ನ್ಯಾಯವಾದ ದುಡ್ಡು ತಗೊಳ್ಳಲಿ, ಯಾರು ಬೇಡ ಅಂತಾರೆ? "ಹೋತ್ರೀ" ಅನ್ನೋ ಮುಂಚೆ ಒಮ್ಮೆ ಹಚ್ಚಿ ನೋಡಲಿ, ಸಾಕು.

ಬ್ಲಾಗಿಗ ಮಿತ್ರರೇ, ನಮಗೂ ಇದು ಅನ್ವಯಿಸುತ್ತೆ. ಜಿಯೋಸಿಟೀಸ್ 2009ರಲ್ಲಿ ಬಾಗಿಲು ಹಾಕಿತು. ಪುಕ್ಕಟೆ ಜಾಗದ ಹಣೆಬರಹವೇ ಅಷ್ಟು. ಅಟ್ಟದ ಮೇಲಿನ ಡಬ್ಬದಲ್ಲಿ ನಿಮ್ಮ ಮೊದಲ ಕವಿತೆಗಳು ಬರಹದ ಫೈಲಾಗಿ ಮಲಗಿರಬಹುದು. ಈ ಭಾನುವಾರ ಇಳಿಸಿ ನೋಡ್ತೀರಾ? ಕವಿತೆ ಚೆನ್ನಾಗಿಲ್ಲದಿದ್ದರೆ ಅಳಿಸೋ ಸ್ವಾತಂತ್ರ್ಯ ನಿಮಗೇ ಇರಲಿ, ಗುಜರಿಯವನಿಗೆ ಯಾಕೆ? :)